ಶೇಕಡಾ ಹತ್ತರಷ್ಟು ತಪ್ಪಿದ್ದರೆ ಪರಿಹಾರವೇ ಇಲ್ಲವೇ? ಉತ್ತರ ಕ್ಯಾರೊಲಿನಾದ ಅಪಘಾತ ಕ್ಲೇಮ್ ಕುರಿತು

ಪ್ರಶ್ನೆ: ನಾವು ಉತ್ತರ ಕ್ಯಾರೊಲಿನಾದ ಕ್ಯಾರಿಯಲ್ಲಿ ನೆಲೆಸಿದ್ದೇವೆ. ದಾವಣಗೆರೆಯಿಂದ ವಿಸಿಟರ್ ವೀಸಾದಲ್ಲಿ ಬಂದಿರುವ ನನ್ನ ತಾಯಿಗೆ 66 ವರ್ಷ. ಕಳೆದ ತಿಂಗಳು ಸಂಜೆ ವಾಕಿಂಗ್ ಮುಗಿಸಿ ಮನೆಗೆ ಬರುವಾಗ ಸಿಗ್ನಲ್ ಇರುವ ದೊಡ್ಡ ರಸ್ತೆಯನ್ನು ಪಾದಚಾರಿಗಳಿಗೆಂದು ಗುರುತು ಹಾಕಿದ ಕ್ರಾಸ್‌ವಾಕ್‌ನಲ್ಲೇ ದಾಟುತ್ತಿದ್ದರು. ಇನ್ನೇನು ಆಚೆ ಬದಿ ತಲುಪಬೇಕು ಎನ್ನುವಾಗ, ಅವರು ಹೋಗುತ್ತಿದ್ದ ದಿಕ್ಕಿನಲ್ಲೇ ಬಂದು ಎಡಕ್ಕೆ ತಿರುಗಿದ ಕಾರು ಗುದ್ದಿತು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ಪೊಲೀಸರು ಚಾಲಕನಿಗೆ ಸಂಚಾರ ನಿಯಮ ಉಲ್ಲಂಘನೆಯ ಟಿಕೆಟ್ ಕೊಟ್ಟಿದ್ದಾರೆ. ಆದರೂ ಅವನ ವಿಮಾ ಕಂಪನಿಯ ಅಡ್ಜಸ್ಟರ್, ಅಂದರೆ ಕ್ಲೇಮ್ ಪರಿಶೀಲಿಸುವ ಪ್ರತಿನಿಧಿ, ಫೋನ್ ಮಾಡಿ, "ಗುದ್ದಿದಾಗ ಪಾದಚಾರಿ ಸಿಗ್ನಲ್‌ನಲ್ಲಿ ದಾಟಬೇಡಿ ಎನ್ನುವ ಕೈ ಚಿಹ್ನೆ ಮಿನುಗುತ್ತಿತ್ತು, ನಿಮ್ಮ ತಾಯಿಯದೂ ಶೇ 10ರಷ್ಟು ತಪ್ಪಿದೆ, ಈ ರಾಜ್ಯದ ಕಾನೂನಿನ ಪ್ರಕಾರ ನಾವು ಏನನ್ನೂ ಕೊಡಬೇಕಾಗಿಲ್ಲ" ಎನ್ನುತ್ತಿದ್ದಾರೆ. ಜೊತೆಗೆ ತಾಯಿಯ ಹೇಳಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕಂತೆ. ನಮ್ಮ ಊರಿನಲ್ಲಾದರೆ ಶೇ 10 ಕಳೆದು ಉಳಿದದ್ದನ್ನು ಕೊಡುತ್ತಾರಲ್ಲವೇ? ತಾಯಿ ಎರಡು ತಿಂಗಳಲ್ಲಿ ಊರಿಗೆ ಹೊರಡಬೇಕು. ಏನು ಮಾಡಬೇಕು?

ಉತ್ತರ: ಅಡ್ಜಸ್ಟರ್ ಹೇಳಿದ ಮಾತಿನಲ್ಲಿ ಎರಡು ಭಾಗಗಳಿವೆ. ಗಾಯಗೊಂಡವರ ಕಡೆಯಿಂದ ಸ್ವಲ್ಪ ಅಜಾಗರೂಕತೆ ಸಾಬೀತಾದರೂ ಪರಿಹಾರ ಪೂರ್ತಿ ತಪ್ಪಿಹೋಗುತ್ತದೆ ಎಂಬ ಮೊದಲ ಭಾಗ ನಿಜ. ನಿಮ್ಮ ತಾಯಿಯವರಿಂದ ಅಂಥ ಅಜಾಗರೂಕತೆ ಆಗಿದೆ ಎಂಬ ಎರಡನೆಯ ಭಾಗ ಸದ್ಯಕ್ಕೆ ಅವರ ಕಂಪನಿಯ ಅಭಿಪ್ರಾಯ ಮಾತ್ರ, ಮತ್ತು ಅದನ್ನು ರುಜುವಾತುಪಡಿಸುವ ಹೊಣೆ ಅವರದೇ. ಉತ್ತರ ಕ್ಯಾರೊಲಿನಾದ ಶಾಸನ ಈ ಹೊಣೆಯನ್ನು ಪ್ರತಿವಾದಿಯ ಮೇಲೆ ಹೊರಿಸಿದೆ. ತಾಯಿ ತಾವು ನಿರ್ದೋಷಿ ಎಂದು ಸಾಧಿಸಬೇಕಾಗಿಲ್ಲ; ಅವರು ತಪ್ಪಿತಸ್ಥರೆಂದು ಚಾಲಕನ ಕಡೆಯವರು ಸಾಧಿಸಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಫೋನಿನಲ್ಲಿ ಕೇಳಿದ ಒಂದು ಮಾತಿಗೇ ಕೈಚೆಲ್ಲಿ ಕುಳಿತ ಕುಟುಂಬಗಳನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಈ ಉತ್ತರ ಸ್ವಲ್ಪ ದೀರ್ಘವಾದರೂ ದಯವಿಟ್ಟು ಪೂರ್ತಿ ಓದಿ. ಓದಿ ಮುಗಿಸುವವರೆಗೂ ಹೇಳಿಕೆ ರೆಕಾರ್ಡ್ ಮಾಡಿಸಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮೊದಲು ನಿಮ್ಮ ಊರಿನ ಹೋಲಿಕೆಯ ವಿಚಾರ. ಕರ್ನಾಟಕದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹೋದವರಿಗೆ ಪರಿಚಿತವಾದ ಪದ್ಧತಿಯಲ್ಲಿ, ಹತ್ತು ಲಕ್ಷ ರೂಪಾಯಿ ನಷ್ಟವೆಂದು ತೀರ್ಮಾನವಾಗಿ ಪಾದಚಾರಿಯ ಪಾಲು ಶೇ 20 ಎಂದಾದರೆ ಎಂಟು ಲಕ್ಷ ಸಿಗುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲೂ ತಪ್ಪನ್ನು ಹೀಗೆ ಹಂಚುವ ಒಂದಲ್ಲ ಒಂದು ಕ್ರಮವಿದೆ. ಆದರೆ ಉತ್ತರ ಕ್ಯಾರೊಲಿನಾ, ವರ್ಜೀನಿಯಾ, ಮೇರಿಲ್ಯಾಂಡ್, ಅಲಬಾಮಾ ಎಂಬ ನಾಲ್ಕು ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಗಾಯಗೊಂಡವರದು ಸ್ವಲ್ಪ ತಪ್ಪಿದ್ದರೂ ಪರಿಹಾರವಿಲ್ಲ ಎನ್ನುವ, ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎಂಬ ಹಳೆಯ ನಿಯಮ ಇನ್ನೂ ಉಳಿದುಕೊಂಡಿದೆ. ಇದರ ಮೂಲ 1809ರ ಇಂಗ್ಲೆಂಡಿನ ಒಂದು ತೀರ್ಪು. ಡಾರ್ಬಿಯಲ್ಲಿ ಒಬ್ಬಾತ ತನ್ನ ಮನೆಯ ದುರಸ್ತಿಗಾಗಿ ರಸ್ತೆಗೆ ಅಡ್ಡಲಾಗಿ ಒಂದು ಗಳು ಇರಿಸಿದ್ದ. ಮುಸ್ಸಂಜೆಯಲ್ಲಿ ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದ ಇನ್ನೊಬ್ಬ ಅದಕ್ಕೆ ತಗುಲಿ ಬಿದ್ದ. ಸವಾರ ತಕ್ಕ ಎಚ್ಚರ ವಹಿಸಿದ್ದರೆ ಗಳುವನ್ನು ತಪ್ಪಿಸಿಕೊಳ್ಳಬಹುದಿತ್ತು, ಆದ್ದರಿಂದ ಅವನಿಗೆ ಏನೂ ಸಿಗದು ಎಂದಾಯಿತು. ಇಂಗ್ಲೆಂಡ್ 1945ರಲ್ಲೇ ಶಾಸನ ತಂದು ಈ ನಿಯಮವನ್ನು ಕೈಬಿಟ್ಟಿತು. ಇಲ್ಲಿ ಅದು ಜೀವಂತವಾಗಿದೆ. 2013ರಲ್ಲಿ ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯದ ಮುಂದೆ ಒಬ್ಬ ಯುವ ಫುಟ್‌ಬಾಲ್ ತರಬೇತುದಾರನ ಪ್ರಕರಣ ಬಂದಿತ್ತು. ಗೋಲ್‌ಕಂಬದ ಅಡ್ಡಪಟ್ಟಿಗೆ ಜೋತುಬಿದ್ದಾಗ, ನೆಲಕ್ಕೆ ಬಿಗಿದಿರದ ಆ ಕಂಬ ಮೈಮೇಲೆ ಉರುಳಿ ಅವನ ಮುಖದ ಮೂಳೆಗಳು ಮುರಿದಿದ್ದವು. ಕ್ರೀಡಾ ಸಂಸ್ಥೆಯೂ ತಪ್ಪು ಮಾಡಿದೆ, ಇವನೂ ತಪ್ಪು ಮಾಡಿದ್ದಾನೆ ಎಂದು ಜ್ಯೂರಿ ಹೇಳಿದ್ದರಿಂದ ಅವನಿಗೆ ಏನೂ ದಕ್ಕಲಿಲ್ಲ. ನಿಯಮವನ್ನು ಬದಲಿಸುವ ಕೆಲಸವನ್ನು ನ್ಯಾಯಾಲಯ ಶಾಸನಸಭೆಗೆ ಬಿಟ್ಟಿತು. ಈ ನಿಯಮ ಅನ್ಯಾಯದ್ದೆಂದೇ ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಅದು ಬದಲಾಗುವವರೆಗೆ ನಾವು ಅದರೊಳಗೇ ದಾರಿ ಹುಡುಕಿಕೊಳ್ಳಬೇಕಾಗಿದೆ.

ಆ ದಾರಿ ಕಾಣಬೇಕಾದರೆ ಜ್ಯೂರಿಯ ಕೈಗೆ ಕೊಡುವ ಹಾಳೆಯಲ್ಲಿ ಏನಿರುತ್ತದೆ ಎಂಬುದನ್ನು ನೋಡಬೇಕು. ಉತ್ತರ ಕ್ಯಾರೊಲಿನಾದಲ್ಲಿ ಇಂಥ ದಾವೆಯ ವಿವಾದಾಂಶಗಳು ಸಾಮಾನ್ಯವಾಗಿ ಈ ಕ್ರಮದಲ್ಲಿರುತ್ತವೆ: ಪ್ರತಿವಾದಿಯ ನಿರ್ಲಕ್ಷ್ಯದಿಂದ ವಾದಿಗೆ ಗಾಯವಾಯಿತೇ? ವಾದಿಯ ಸ್ವಂತ ನಿರ್ಲಕ್ಷ್ಯವೂ ಆ ಗಾಯಕ್ಕೆ ಕಾರಣವಾಯಿತೇ? ಹಾಗಿದ್ದರೂ ಗಾಯವನ್ನು ತಪ್ಪಿಸುವ ಕೊನೆಯ ಸ್ಪಷ್ಟ ಅವಕಾಶ ಪ್ರತಿವಾದಿಗೆ ಇತ್ತೇ? ವಾದಿಗೆ ಎಷ್ಟು ಮೊತ್ತ ಸಲ್ಲಬೇಕು? ಮೊದಲ ಮೂರಕ್ಕೂ ಉತ್ತರ ಹೌದು ಅಥವಾ ಇಲ್ಲ. ಶೇಕಡಾವಾರು ಬರೆಯಲು ಆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ಅಡ್ಜಸ್ಟರ್ ಹೇಳಿದ "ಶೇ 10" ಎಂಬುದು ಚೌಕಾಸಿಯ ಮಾತು. ನ್ಯಾಯಾಲಯದ ಪ್ರಶ್ನೆ, ನಿಮ್ಮ ತಾಯಿಯ ಸ್ಥಾನದಲ್ಲಿ ಸಾಧಾರಣ ಎಚ್ಚರವುಳ್ಳ ವ್ಯಕ್ತಿ ಹೇಗೆ ನಡೆದುಕೊಳ್ಳುತ್ತಿದ್ದರೋ ಹಾಗೆ ಅವರು ನಡೆದುಕೊಂಡರೇ ಎಂಬುದು. ನಡೆದುಕೊಂಡಿರದಿದ್ದರೂ ಆ ಲೋಪವೇ ಗಾಯಕ್ಕೆ ಕಾರಣವಾಯಿತೇ ಎಂಬ ಮತ್ತೊಂದು ಮೆಟ್ಟಿಲನ್ನೂ ಪ್ರತಿವಾದಿ ಹತ್ತಬೇಕು. ಅವರ ಕೈಯಲ್ಲಿ ಮೊಬೈಲ್ ಇತ್ತು ಎಂದಿಟ್ಟುಕೊಳ್ಳೋಣ. ಆ ಮೊಬೈಲ್ ಇಲ್ಲದಿದ್ದರೂ ಕಾರು ಅದೇ ರೀತಿ ಬಂದು ಗುದ್ದುತ್ತಿತ್ತು ಎಂದಾದರೆ ಮೊಬೈಲಿನ ಮಾತಿಗೆ ಬೆಲೆಯಿಲ್ಲ. ಇದರ ಮೇಲೆ, ಉಭಯಪಕ್ಷಗಳು ಬೇರೆ ರೀತಿ ಒಪ್ಪಿಕೊಳ್ಳದ ಹೊರತು ಇಲ್ಲಿನ ಸಿವಿಲ್ ಜ್ಯೂರಿಯ 12 ಮಂದಿಯೂ ಒಮ್ಮತಕ್ಕೆ ಬರಬೇಕು. ವಿಚಾರಣೆಯ ಅಪಾಯ ವಿಮಾ ಕಂಪನಿಗೂ ಇದೆ ಎಂಬುದನ್ನು ಮರೆಯಬೇಡಿ. ಇಂಥ ರಾಜ್ಯದಲ್ಲೂ ಕಂಪನಿಗಳು ರಾಜಿಗೆ ಬರುವುದು ಈ ಕಾರಣದಿಂದಲೇ.

ಇನ್ನು ಕೈ ಚಿಹ್ನೆಯ ವಿಚಾರಕ್ಕೆ ಬರೋಣ. ನಿಮ್ಮ ಪ್ರಕರಣದ ತಿರುಳು ಇಲ್ಲಿದೆ. ಕೈ ಚಿಹ್ನೆ ಬಂದ ಮೇಲೆ ದಾಟಲು ಶುರುಮಾಡಬಾರದು ಎಂದು ಈ ರಾಜ್ಯದ ಮೋಟಾರು ವಾಹನ ಶಾಸನ ಹೇಳುತ್ತದೆ. ಆದರೆ ನಡೆಯುವ ಮನುಷ್ಯನ ಚಿಹ್ನೆ ಇರುವಾಗಲೇ ಇಳಿದು ಸ್ವಲ್ಪ ದೂರ ದಾಟಿರುವವರು, ಕೈ ಚಿಹ್ನೆ ಇದ್ದಾಗಲೂ ಮುಂದುವರಿದು ಎದುರಿನ ಕಾಲುದಾರಿಯನ್ನೋ ನಡುವಿನ ಸುರಕ್ಷಿತ ಜಾಗವನ್ನೋ ತಲುಪಬೇಕು ಎಂದೂ ಅದೇ ಶಾಸನ ಹೇಳುತ್ತದೆ. ಹೀಗಿರುವಾಗ ಕಾರು ಗುದ್ದಿದ ಕ್ಷಣದಲ್ಲಿ ಯಾವ ಚಿಹ್ನೆಯಿತ್ತು ಎಂಬುದರಿಂದ ಏನೂ ತೀರ್ಮಾನವಾಗದು. ತಾಯಿ ರಸ್ತೆಗೆ ಕಾಲಿಟ್ಟ ಕ್ಷಣದಲ್ಲಿ ಯಾವುದಿತ್ತು ಎಂಬುದು ಮುಖ್ಯ.

ಲೆಕ್ಕ ಹಾಕಿ ನೋಡಿ. ಅಮೆರಿಕದ ಸಿಗ್ನಲ್‌ಗಳನ್ನು ರೂಪಿಸುವ ರಾಷ್ಟ್ರೀಯ ಕೈಪಿಡಿಯ ಪ್ರಕಾರ ನಡೆಯುವ ಚಿಹ್ನೆ ಸಾಮಾನ್ಯವಾಗಿ ಕನಿಷ್ಠ 7 ಸೆಕೆಂಡು ಇರಬೇಕು. ಅದರ ನಂತರದ ಅವಧಿಯನ್ನು ಪಾದಚಾರಿ ಸೆಕೆಂಡಿಗೆ 3.5 ಅಡಿ ನಡೆಯುತ್ತಾರೆಂಬ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. 2009ರ ಆವೃತ್ತಿಗೆ ಮುಂಚೆ ಈ ಲೆಕ್ಕ 4 ಅಡಿಯಿತ್ತು. ವಯಸ್ಸಾದವರಿಗೆ ಆ ವೇಗ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ರಸ್ತೆ ಆರು ಲೇನ್‌ಗಳು ಮತ್ತು ನಡುವಿನ ಜಾಗ ಸೇರಿ 84 ಅಡಿ ಅಗಲ ಎಂದಿಟ್ಟುಕೊಂಡರೆ ದಾಟಲು 24 ಸೆಕೆಂಡು ಲೆಕ್ಕ ಹಿಡಿದಿರುತ್ತಾರೆ. ನಡೆಯುವ ಚಿಹ್ನೆಯ ನಾಲ್ಕನೆಯ ಸೆಕೆಂಡಿನಲ್ಲಿ ಇಳಿದು, ಸೆಕೆಂಡಿಗೆ 3 ಅಡಿಯಂತೆ ನಡೆದ ಒಬ್ಬ ಹಿರಿಯ ಮಹಿಳೆ 78ನೆಯ ಅಡಿ ತಲುಪಲು 26 ಸೆಕೆಂಡು ಬೇಕು. ಅಂದರೆ ಚಿಹ್ನೆ ಬಂದ 30ನೆಯ ಸೆಕೆಂಡಿನಲ್ಲಿ ಅವರು ಕೊನೆಯ ಲೇನ್‌ನಲ್ಲಿರುತ್ತಾರೆ. ಆ ಹೊತ್ತಿಗೆ ಕೈ ಚಿಹ್ನೆ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡುಗಳಿಂದ ಇದ್ದೇ ಇರುತ್ತದೆ, ಮತ್ತು ಅವರು ಕಾನೂನನ್ನು ಒಂದಿಷ್ಟೂ ಮುರಿದಿರುವುದಿಲ್ಲ. ಕೊನೆಯ ಲೇನ್‌ನಲ್ಲಿ ಗುದ್ದಿದೆ ಎಂಬ ಸಂಗತಿ ತಾಯಿಯ ಪರವಾಗಿಯೇ ಮಾತಾಡುತ್ತದೆ, ಏಕೆಂದರೆ ಅವರು ಬಹಳ ಹೊತ್ತಿನಿಂದ ರಸ್ತೆಯ ಮೇಲೆ ಕಣ್ಣಿಗೆ ಕಾಣುವಂತೆ ಇದ್ದರು. ಇವು ಉದಾಹರಣೆಯ ಅಂಕಿಗಳು. ನಿಮ್ಮ ಸಿಗ್ನಲ್ಲಿನ ನಿಜವಾದ ಸಮಯಪಟ್ಟಿಯನ್ನು ಅದನ್ನು ನಿರ್ವಹಿಸುವ ಪಟ್ಟಣದ ಅಥವಾ ರಾಜ್ಯ ಸಾರಿಗೆ ಇಲಾಖೆಯ ಕಚೇರಿಯಿಂದ ಸಾರ್ವಜನಿಕ ದಾಖಲೆಯಾಗಿ ಕೇಳಿ ಪಡೆಯಬೇಕು. ರಸ್ತೆಯ ಅಗಲವನ್ನೂ ತಾಯಿಯ ನಡಿಗೆಯ ವೇಗವನ್ನೂ ಅದರ ಜೊತೆಗಿಟ್ಟು ನೋಡಬೇಕು. ಅಪಘಾತದ ಮುಂಚೆ ಅವರು ನಡೆಯುತ್ತಿದ್ದ ವಿಡಿಯೊ, ಮೊಮ್ಮಕ್ಕಳ ಜೊತೆ ಪಾರ್ಕಿನಲ್ಲಿ ತೆಗೆದದ್ದಾದರೂ ಸರಿ, ಇದ್ದರೆ ತೆಗೆದಿಡಿ.

ಅಡ್ಜಸ್ಟರ್‌ಗಳ ಇನ್ನೊಂದು ನೆಚ್ಚಿನ ವಾದವೆಂದರೆ, ಪಾದಚಾರಿ ಅತ್ತಿತ್ತ ನೋಡಿಕೊಂಡು ನಡೆಯಬೇಕಿತ್ತು ಎಂಬುದು. ನೀವು ಬರೆದಿರುವಂತೆ ಕಾರು ತಾಯಿ ಹೋಗುತ್ತಿದ್ದ ದಿಕ್ಕಿನಲ್ಲೇ ಬಂದು ಎಡಕ್ಕೆ ತಿರುಗಿದೆ. ಇಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ, ಅಂಥ ಕಾರು ಪಾದಚಾರಿಯ ಬಲಗಡೆ ಹಿಂದಿನಿಂದ ಬಂದು ಬದಿಯಿಂದ ಗುದ್ದುತ್ತದೆ. ಎದುರು ನೋಡಿಕೊಂಡು ನಡೆಯುವವರ ಕಣ್ಣಿಗೆ ಅದು ಕಡೆಯ ಕ್ಷಣದವರೆಗೂ ಬೀಳದು. ಚಾಲಕನಾದರೋ ಎದುರಿನಿಂದ ಬರುವ ವಾಹನಗಳ ಮೇಲೆ ಕಣ್ಣಿಟ್ಟು, ಸಂದು ಸಿಕ್ಕೊಡನೆ ಸರ್ರನೆ ತಿರುಗಿಸುವಾಗ ಕ್ರಾಸ್‌ವಾಕ್ ಕಡೆ ನೋಡಿರುವುದೇ ಇಲ್ಲ. ಎಡತಿರುವಿನ ಅಪಘಾತಗಳಲ್ಲಿ ಇದು ಬಹಳ ಸಾಮಾನ್ಯ. ಬೇರೆಯವರು ಕಾನೂನು ಪಾಲಿಸುತ್ತಾರೆ ಎಂದು ನಂಬಿ ನಡೆಯುವ ಹಕ್ಕು, ವ್ಯತಿರಿಕ್ತ ಸೂಚನೆ ಕಾಣುವವರೆಗೆ, ಪ್ರತಿಯೊಬ್ಬರಿಗೂ ಇದೆ ಎಂದು ಈ ರಾಜ್ಯದ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಪಾದಚಾರಿಗೆ ಡಿಕ್ಕಿಯಾಗದಂತೆ ಎಚ್ಚರ ವಹಿಸುವ ಕರ್ತವ್ಯವನ್ನು ಶಾಸನ ಚಾಲಕನ ಮೇಲೆ ಪ್ರತ್ಯೇಕವಾಗಿ ಹೊರಿಸಿದೆ. ಆದ್ದರಿಂದ ಆ ಜಾಗಕ್ಕೆ ಅದೇ ಹೊತ್ತಿನಲ್ಲಿ ಹೋಗಿ, ತಾಯಿಯ ಎತ್ತರದಿಂದ ಕಾಣುವಂತೆಯೂ ಚಾಲಕನ ಸೀಟಿನಿಂದ ಕಾಣುವಂತೆಯೂ ಫೋಟೊಗಳನ್ನು ತೆಗೆಯಿರಿ.

ಪುರಾವೆಯ ವಿಚಾರದಲ್ಲಿ ಒಂದು ತಿಂಗಳು ಆಗಲೇ ಕಳೆದಿದೆ, ಇನ್ನು ತಡ ಮಾಡುವಂತಿಲ್ಲ. ಮೂಲೆಯ ಪೆಟ್ರೋಲ್ ಬಂಕ್, ಔಷಧಿ ಅಂಗಡಿ, ಬ್ಯಾಂಕುಗಳ ಕ್ಯಾಮೆರಾ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಇವತ್ತೇ ಹೋಗಿ ಕೇಳಿ. ರಸ್ತೆಯ ಮೇಲಿನ ಟ್ರಾಫಿಕ್ ಕ್ಯಾಮೆರಾಗಳನ್ನು ನೆಚ್ಚಿಕೊಳ್ಳಬೇಡಿ, ಅವುಗಳಲ್ಲಿ ಹಲವು ದೃಶ್ಯವನ್ನು ತೋರಿಸುತ್ತವೆಯೇ ಹೊರತು ಉಳಿಸಿಕೊಳ್ಳುವುದಿಲ್ಲ. ಪೊಲೀಸ್ ವರದಿ, ಇಲ್ಲಿ ಡಿಎಂವಿ-349 ಎಂಬ ನಮೂನೆ, ತರಿಸಿಕೊಂಡು ಅದರ ನಕ್ಷೆಯನ್ನೂ ವಿವರಣೆಯನ್ನೂ ಸಾಕ್ಷಿಗಳ ಹೆಸರನ್ನೂ ಸಾಲು ಸಾಲಾಗಿ ಓದಿ. 911ಕ್ಕೆ ಬಂದ ಕರೆಗಳಲ್ಲಿ ಅಪರಿಚಿತರು ಕಂಡದ್ದನ್ನು ಕಂಡಂತೆ ಹೇಳಿರುತ್ತಾರೆ. ಅವು ಬಹಳ ಬೆಲೆಯುಳ್ಳವು. ಪೊಲೀಸರ ಮೈಮೇಲಿನ ಕ್ಯಾಮೆರಾದ ದೃಶ್ಯವನ್ನು, ತಾಯಿ ಅದರಲ್ಲಿ ಇದ್ದಲ್ಲಿ, ನೋಡಲು ಅವರ ಪರವಾಗಿ ಕೇಳಬಹುದು. ಪ್ರತಿ ಬೇಕಾದರೆ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಆ ದಿನ ಅವರು ತೊಟ್ಟಿದ್ದ ಬಟ್ಟೆ ಮತ್ತು ಚಪ್ಪಲಿಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಏಕೆಂದರೆ "ಕತ್ತಲಲ್ಲಿ ಕಪ್ಪು ಬಟ್ಟೆ ತೊಟ್ಟಿದ್ದರು" ಎಂಬ ಮಾತು ಮುಂದೆ ಬಂದೇ ಬರುತ್ತದೆ. ತಿಳಿಬಣ್ಣದ ಚೂಡಿದಾರವೊಂದು ಆ ವಾದವನ್ನು ಅಲ್ಲಿಗೇ ಮುಗಿಸಬಲ್ಲದು. ಕಾರಿನ ಎಲೆಕ್ಟ್ರಾನಿಕ್ ದಾಖಲೆಯನ್ನೂ ಚಾಲಕನ ಫೋನ್ ದಾಖಲೆಯನ್ನೂ ಅಳಿಸದೆ ಕಾಯ್ದಿಡುವಂತೆ ನಿಮ್ಮ ವಕೀಲರು ಪತ್ರ ಕಳಿಸಬೇಕು. ಟಿಕೆಟ್ ವಿಚಾರ: ಪೊಲೀಸರು ಟಿಕೆಟ್ ಕೊಟ್ಟದ್ದೇ ಸಿವಿಲ್ ದಾವೆಯಲ್ಲಿ ಏನನ್ನೂ ಸಾಧಿಸುವುದಿಲ್ಲ, ಆದರೆ ಚಾಲಕ ತಪ್ಪೊಪ್ಪಿಕೊಂಡರೆ ಆ ಒಪ್ಪಿಗೆಯನ್ನು ಬಳಸಿಕೊಳ್ಳುವ ಅವಕಾಶ ಉಂಟು. ಆ ಪ್ರಕರಣ ಎಲ್ಲಿಗೆ ಬಂತು ಎಂದು ಗಮನಿಸುತ್ತಿರಿ.

ರೆಕಾರ್ಡ್ ಮಾಡುವ ಹೇಳಿಕೆಯ ಬಗ್ಗೆ ನನ್ನ ಸಲಹೆ ಒಂದೇ: ಕೊಡಬೇಡಿ. ಎದುರು ಪಕ್ಷದ ವಿಮಾ ಕಂಪನಿಗೆ ಹೇಳಿಕೆ ಕೊಡುವ ಬಾಧ್ಯತೆ ನಿಮ್ಮ ತಾಯಿಗೆ ಇಲ್ಲ. ನಿಮ್ಮದೇ ಕಂಪನಿಗೆ ಸಹಕರಿಸುವ ಷರತ್ತು ನಿಮ್ಮ ಪಾಲಿಸಿಯಲ್ಲಿರುತ್ತದೆ, ಅದು ಬೇರೆ ಮಾತು. ತಪ್ಪನ್ನು ಹಂಚುವ ರಾಜ್ಯದಲ್ಲಿ ಬಾಯಿತಪ್ಪಿ ಬಂದ ಮಾತು ಸ್ವಲ್ಪ ಮೊತ್ತ ಕಳೆಯಬಹುದು. ಇಲ್ಲಿ ಅದು ಇಡೀ ಕ್ಲೇಮನ್ನು ಮುಳುಗಿಸಬಲ್ಲದು. ನಮ್ಮ ಹಿರಿಯರ ನಡವಳಿಕೆ ನಿಮಗೂ ಗೊತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗಲೂ "ಪಾಪ, ಆ ಹುಡುಗನದೇನೂ ತಪ್ಪಿಲ್ಲ, ನಾನೂ ನೋಡಿಕೊಂಡು ಬರಬೇಕಿತ್ತು" ಎಂದುಬಿಡುತ್ತಾರೆ. ಅದು ಸೌಜನ್ಯದಿಂದ ಬಂದ ಮಾತಾದರೂ ದಾಖಲೆಯಲ್ಲಿ ತಪ್ಪೊಪ್ಪಿಗೆಯಾಗಿ ಕೂರುತ್ತದೆ. "ಕಾರು ಎಷ್ಟು ದೂರದಲ್ಲಿತ್ತು, ಬಲಕ್ಕೆ ತಿರುಗಿ ನೋಡಿದಿರಾ, ಸ್ವಲ್ಪ ಬೇಗ ನಡೆಯಬಹುದಿತ್ತೇ" ಎಂಬ ಪ್ರಶ್ನೆಗಳು ಕೇಳಲು ಮೃದುವಾಗಿದ್ದರೂ ಪ್ರತಿಯೊಂದೂ ಎರಡನೆಯ ವಿವಾದಾಂಶಕ್ಕೆ ಉತ್ತರ ಹುಡುಕುವಂಥದು. ನೀವು ನಡುವೆ ಕುಳಿತು ತಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದಂತೂ ಬೇಡವೇ ಬೇಡ. ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡುವ ಸಂದರ್ಭ ಬಂದಾಗ ಕನ್ನಡ ಬಲ್ಲ, ಮನೆಯವರಲ್ಲದ ಭಾಷಾಂತರಕಾರರನ್ನೇ ಕೇಳಿ. ವೈದ್ಯರ ಬಳಿಯೂ ಹಾಗೆಯೇ. ಅಪಘಾತ ಹೇಗಾಯಿತು ಎಂದು ಅಲ್ಲಿ ಹೇಳಿದ ಒಂದು ಸಾಲು ಆಸ್ಪತ್ರೆಯ ದಾಖಲೆಯಲ್ಲಿ ಸೇರಿ ವರ್ಷದ ನಂತರ ಜ್ಯೂರಿಯ ಮುಂದೆ ಬರಬಹುದು.

ಒಂದು ವೇಳೆ ತಾಯಿಯ ಕಡೆಯಿಂದ ಲೋಪವಾಗಿದೆ ಎಂದೇ ತೀರ್ಮಾನವಾದರೂ ಎಲ್ಲವೂ ಮುಗಿಯುವುದಿಲ್ಲ. ಮೂರನೆಯ ವಿವಾದಾಂಶವಾದ ಕೊನೆಯ ಸ್ಪಷ್ಟ ಅವಕಾಶದ ತತ್ವ ಹುಟ್ಟಿದ್ದೇ ಈ ನಿಯಮದ ಕಾಠಿಣ್ಯವನ್ನು ತಗ್ಗಿಸಲು. ಪಾದಚಾರಿ ತನ್ನ ಅಜಾಗರೂಕತೆಯಿಂದಲೇ ಅಪಾಯಕ್ಕೆ ಸಿಕ್ಕಿಕೊಂಡಿದ್ದರೂ, ಅದರಿಂದ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿಲ್ಲದಾಗ, ಚಾಲಕ ಅದನ್ನು ಕಂಡಿದ್ದರೆ ಅಥವಾ ಕಾಣಬೇಕಿದ್ದರೆ, ಮತ್ತು ಡಿಕ್ಕಿ ತಪ್ಪಿಸಲು ಅವನಿಗೆ ಸಮಯವೂ ಉಪಾಯವೂ ಇದ್ದು ಬಳಸದೆ ಹೋಗಿದ್ದರೆ, ಪರಿಹಾರದ ಹಕ್ಕು ಉಳಿಯುತ್ತದೆ. ಇಪ್ಪತ್ತು ಸೆಕೆಂಡಿಗೂ ಹೆಚ್ಚು ಕಾಲ ಕ್ರಾಸ್‌ವಾಕ್‌ನಲ್ಲಿದ್ದ, ಕಾರಿನ ಕಡೆಗೆ ಬೆನ್ನಾಗಿದ್ದ ವ್ಯಕ್ತಿಯ ವಿಷಯದಲ್ಲಿ ಇದು ಗಟ್ಟಿಯಾದ ನೆಲೆ. ಒಂದು ಎಚ್ಚರಿಕೆ: ಪ್ರತಿವಾದಿ ತನ್ನ ಉತ್ತರದಲ್ಲಿ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎತ್ತಿದಾಗ ಈ ತತ್ವವನ್ನು ನಮ್ಮ ಪ್ರತ್ಯುತ್ತರದಲ್ಲಿ ಲಿಖಿತವಾಗಿ ಎತ್ತಬೇಕು, ವಿಚಾರಣೆಯ ದಿನ ನೆನಪಾದರೆ ಪ್ರಯೋಜನವಿಲ್ಲ. ವಕೀಲರನ್ನು ಆರಿಸುವಾಗ ಈ ಪ್ರಶ್ನೆಯನ್ನೇ ಕೇಳಿ ನೋಡಿ. ಇನ್ನೊಂದು ದಾರಿ ತೀವ್ರ ನಿರ್ಲಕ್ಷ್ಯದ್ದು. ಚಾಲಕ ಕುಡಿದಿದ್ದ, ಅಥವಾ ರೇಸ್ ಮಾಡುತ್ತಿದ್ದ ಎಂಬಂಥ ಸಂಗತಿ ಸಾಬೀತಾದರೆ, ಗಾಯಗೊಂಡವರ ಸಾಧಾರಣ ಅಜಾಗರೂಕತೆ ಅವರಿಗೆ ಅಡ್ಡಿಯಾಗದು. ನೀವು ಬರೆದುದರಲ್ಲಿ ಅಂಥದ್ದೇನೂ ಇಲ್ಲ, ಆದರೂ ಆರೋಪಪಟ್ಟಿಯನ್ನು ಒಮ್ಮೆ ಪರಿಶೀಲಿಸಿ.

ಹಣದ ವಿಚಾರ. ಈ ರಾಜ್ಯದಲ್ಲಿ ಚಾಲಕರು ಹೊಂದಿರಬೇಕಾದ ಕನಿಷ್ಠ ವಿಮೆ ಒಬ್ಬ ಗಾಯಾಳುವಿಗೆ 30,000 ಡಾಲರ್ ಇತ್ತು. 2025ರ ಜುಲೈ 1ರಿಂದ ಆರಂಭವಾದ ಅಥವಾ ನವೀಕರಣಗೊಂಡ ಪಾಲಿಸಿಗಳಲ್ಲಿ ಅದು 50,000 ಡಾಲರ್. ಸೊಂಟದ ಶಸ್ತ್ರಚಿಕಿತ್ಸೆಯ ಖರ್ಚು ಅದನ್ನು ಸುಲಭವಾಗಿ ಮೀರಬಹುದು, ಆದ್ದರಿಂದ ಚಾಲಕನ ಪಾಲಿಸಿಯ ಮಿತಿ ಎಷ್ಟೆಂದು ಮೊದಲೇ ಲಿಖಿತವಾಗಿ ಕೇಳಿಸಿ. ನಿಮ್ಮ ಸ್ವಂತ ಕಾರಿನ ಪಾಲಿಸಿಯಲ್ಲಿ ಮೆಡ್‌ಪೇ ಎಂಬ ವೈದ್ಯಕೀಯ ಭಾಗವಿದೆಯೇ ನೋಡಿ. ಅದು ಯಾರ ತಪ್ಪೆಂಬುದನ್ನು ನೋಡದೆ ಹಣ ಕೊಡುತ್ತದೆ, ಹಾಗಾಗಿ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಅದನ್ನು ಮುಟ್ಟುವುದಿಲ್ಲ. ಆದರೆ ಅದು ಸಾಮಾನ್ಯವಾಗಿ ನಿಮ್ಮ ಮನೆಯಲ್ಲೇ ವಾಸಿಸುವ ಬಂಧುಗಳಿಗೆ ಅನ್ವಯಿಸುವುದರಿಂದ, ಆರು ತಿಂಗಳಿಗೆ ಬಂದ ತಾಯಿ ಆ ವ್ಯಾಖ್ಯೆಯೊಳಗೆ ಬರುತ್ತಾರೆಯೇ ಎಂಬುದು ಪಾಲಿಸಿಯ ಮಾತುಗಳನ್ನು ಅವಲಂಬಿಸಿದೆ. ವಿಮೆ ಸಾಲದ ಚಾಲಕರ ವಿರುದ್ಧ ನಿಮ್ಮದೇ ಪಾಲಿಸಿ ಕೊಡುವ ರಕ್ಷಣೆಯೂ ಇರಬಹುದು, ಆದರೆ ಅಲ್ಲಿ ನಿಮ್ಮ ಕಂಪನಿಯೂ ಇದೇ ವಾದವನ್ನು ಹೂಡಬಲ್ಲದು.

ತಾಯಿಗಾಗಿ ತೆಗೆದುಕೊಂಡಿದ್ದ ವಿಸಿಟರ್ ಇನ್ಶೂರೆನ್ಸ್‌ಗೆ ತಕ್ಷಣ ತಿಳಿಸಿ, ಅದರಲ್ಲಿ ಕ್ಲೇಮಿನ ಗಡುವು ಇರುತ್ತದೆ. ಲಾಭದಾಯಕವಲ್ಲದ ಆಸ್ಪತ್ರೆಗಳು ಆರ್ಥಿಕ ಸಹಾಯದ ಲಿಖಿತ ನೀತಿ ಹೊಂದಿರಬೇಕೆಂದು ಫೆಡರಲ್ ಕಾನೂನಿದೆ. ಬಿಲ್ಲಿಂಗ್ ವಿಭಾಗದಲ್ಲಿ ಆ ಅರ್ಜಿ ಕೇಳಿ, ಸಂಕೋಚಪಡಬೇಡಿ. ಕೊನೆಗೆ ಪರಿಹಾರ ಬಂದಾಗ ಆಸ್ಪತ್ರೆ ತನ್ನ ಬಾಕಿಗಾಗಿ ಅದರ ಮೇಲೆ ಹಕ್ಕು ಸಾಧಿಸಬಹುದು, ಆದರೆ ವಕೀಲರ ಶುಲ್ಕ ಕಳೆದು ಉಳಿದ ಮೊತ್ತದ ಅರ್ಧಕ್ಕಿಂತ ಹೆಚ್ಚನ್ನು ಇಂಥ ಹಕ್ಕುದಾರರೆಲ್ಲ ಸೇರಿ ತೆಗೆದುಕೊಳ್ಳುವಂತಿಲ್ಲ ಎಂದು ಶಾಸನ ಹೇಳುತ್ತದೆ. ವೈದ್ಯಕೀಯ ಖರ್ಚಿನ ರುಜುವಾತಿನಲ್ಲೂ ಬಿಲ್ಲಿನಲ್ಲಿ ನಮೂದಾದ ಮೊತ್ತಕ್ಕೆ ಬೆಲೆಯಿಲ್ಲ. ನಿಜವಾಗಿ ಪಾವತಿಯಾದದ್ದು ಮತ್ತು ಬಾಕಿ ತೀರಿಸಲು ಬೇಕಾಗುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ತಾಯಿಗೆ ಸಂಬಳವಿಲ್ಲದಿದ್ದರೂ ನೋವು, ಕಲೆ, ಮುಂದೆ ಕೋಲು ಹಿಡಿದೇ ನಡೆಯಬೇಕಾದ ಸ್ಥಿತಿ, ಇವೆಲ್ಲ ಪರಿಹಾರದ ಅಂಶಗಳೇ.

ಕಾಲಮಿತಿ ದೇಹಕ್ಕಾದ ಗಾಯಕ್ಕೆ ಇಲ್ಲಿ 3 ವರ್ಷ, ಸಾವು ಸಂಭವಿಸಿದ ಪ್ರಕರಣಕ್ಕೆ 2 ವರ್ಷ. ಮೇರಿಲ್ಯಾಂಡ್ ಮತ್ತು ಡಿ.ಸಿ.ಯಲ್ಲಿ ಗಾಯಕ್ಕೆ 3 ವರ್ಷ, ವರ್ಜೀನಿಯಾ ಮತ್ತು ಅಲಬಾಮಾದಲ್ಲಿ 2. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಅವಧಿ ನಿಲ್ಲುವುದಿಲ್ಲ. ಇದೇ ಅಪಘಾತ ಡಿ.ಸಿ.ಯಲ್ಲಿ ಆಗಿದ್ದರೆ ನಿಮ್ಮ ತಾಯಿಯ ಸ್ಥಿತಿ ಬೇರೆಯಿರುತ್ತಿತ್ತು, ಏಕೆಂದರೆ ಅಲ್ಲಿ 2016ರ ಶಾಸನದ ನಂತರ, ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲದ ಪಾದಚಾರಿ ಮತ್ತು ಸೈಕಲ್ ಸವಾರರಿಗೆ ಈ ಅಡ್ಡಿ ಇಲ್ಲ. ಉತ್ತರ ಕ್ಯಾರೊಲಿನಾದಲ್ಲಿ ಪೂರ್ಣ ವಿನಾಯಿತಿ ಇರುವುದು ಏಳು ವರ್ಷದೊಳಗಿನ ಮಕ್ಕಳಿಗೆ.

ತಾಯಿ ವಿಸಿಟರ್ ವೀಸಾದಲ್ಲಿರುವುದು ದಾವೆ ಹೂಡಲು ಅಡ್ಡಿಯಲ್ಲ, ಊರಿಗೆ ಹೋಗುವುದೂ ಅಡ್ಡಿಯಲ್ಲ. ಆದರೆ ಹೊರಡುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಶಸ್ತ್ರಚಿಕಿತ್ಸಕರಿಂದ ಸದ್ಯದ ಸ್ಥಿತಿ ಮತ್ತು ಶಾಶ್ವತ ಪರಿಣಾಮಗಳ ಲಿಖಿತ ಅಭಿಪ್ರಾಯ ಪಡೆಯಿರಿ. ವಿಮಾನ ಪ್ರಯಾಣಕ್ಕೆ ಯಾವಾಗ ಯೋಗ್ಯರಾಗುತ್ತಾರೆ ಎಂಬುದನ್ನು ವೈದ್ಯರೇ ಹೇಳಲಿ, ಟಿಕೆಟಿನ ದಿನಾಂಕ ನಿರ್ಧರಿಸಬಾರದು. ಎಕ್ಸ್‌ರೇ ಮತ್ತು ಸ್ಕ್ಯಾನ್‌ಗಳ ಡಿಜಿಟಲ್ ಪ್ರತಿ ಜೊತೆಗಿರಲಿ, ದಾವಣಗೆರೆಯಲ್ಲಿ ಮುಂದುವರಿಯುವ ಫಿಸಿಯೋಥೆರಪಿಯ ರಸೀದಿ ಮತ್ತು ಟಿಪ್ಪಣಿಗಳನ್ನೂ ಕ್ರಮವಾಗಿ ಇಟ್ಟುಕೊಳ್ಳಲಿ. ತಾಯಿ ನಡೆದದ್ದನ್ನು ತಮ್ಮ ಮಾತಿನಲ್ಲಿ ವಕೀಲರ ಎದುರು ಈಗಲೇ ಹೇಳಲಿ, ನೆನಪು ಹಸಿಯಾಗಿರುವಾಗ. ದಾವೆ ಹೂಡಿದ ಮೇಲೆ ಹೇಳಿಕೆಯನ್ನು ವಿಡಿಯೊ ಮೂಲಕ ಪಡೆಯುವ ಏರ್ಪಾಡು ಮಾಡಿಕೊಳ್ಳಬಹುದು. ಸುಪೀರಿಯರ್ ಕೋರ್ಟಿನ ಇಂಥ ದಾವೆಗಳಲ್ಲಿ ವಿಚಾರಣೆಗೆ ಮುಂಚೆ ಮಧ್ಯಸ್ಥಿಕೆಯ ಸಭೆ ಕಡ್ಡಾಯ. ಬಹಳಷ್ಟು ಪ್ರಕರಣಗಳು ಅಲ್ಲೇ ಇತ್ಯರ್ಥವಾಗುತ್ತವೆ.

ವಕೀಲರ ಬಗ್ಗೆ: ಅಪಘಾತದ ವರದಿ ಹೊರಬಿದ್ದ ಕೂಡಲೇ ನಿಮ್ಮ ಅಂಚೆಪೆಟ್ಟಿಗೆಯಲ್ಲಿ "ಇದು ಕಾನೂನು ಸೇವೆಯ ಜಾಹೀರಾತು" ಎಂದು ಮುದ್ರಿಸಿದ ಲಕೋಟೆಗಳು ಬಂದಿರಬಹುದು. ಅವುಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಆರಿಸಬೇಡಿ. ಈ ರಾಜ್ಯದಲ್ಲಿ ಪಾದಚಾರಿ ಪ್ರಕರಣಗಳನ್ನು ವಿಚಾರಣೆಯವರೆಗೆ ನಡೆಸಿದ ಅನುಭವವಿದೆಯೇ ಎಂದು ಕೇಳಿ. ಒಬ್ಬರು ಬೇಡವೆಂದರೆ ಇನ್ನೊಬ್ಬರನ್ನು ಕಾಣಿ, ಏಕೆಂದರೆ ಈ ನಿಯಮದ ಭಯದಿಂದ ಒಳ್ಳೆಯ ಪ್ರಕರಣವನ್ನೂ ದೂರವಿಡುವವರಿದ್ದಾರೆ. ಶುಲ್ಕ ಸಾಮಾನ್ಯವಾಗಿ ಬಂದ ಪರಿಹಾರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ, ಒಪ್ಪಂದ ಲಿಖಿತವಾಗಿಯೇ ಇರಬೇಕು. ಗೆಲ್ಲದಿದ್ದರೆ ತಜ್ಞರ ಮತ್ತು ದಾಖಲೆಗಳ ಖರ್ಚು ಯಾರದು ಎಂಬುದನ್ನು ಸಹಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಅಲ್ಲಿಯವರೆಗೆ ಅಡ್ಜಸ್ಟರ್ ಮತ್ತೆ ಫೋನ್ ಮಾಡಿದರೆ ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ, ತಾಯಿ ವಕೀಲರ ಸಲಹೆ ಪಡೆಯುತ್ತಿದ್ದಾರೆ ಎಂದಷ್ಟೇ ಹೇಳಿ. ಕ್ಲೇಮ್ ನಿರಾಕರಿಸುವುದಾದರೆ ಯಾವ ಸಂಗತಿಯ ಆಧಾರದ ಮೇಲೆ ತಾಯಿಯ ತಪ್ಪೆಂದು ಹೇಳುತ್ತಿದ್ದೀರಿ, ಯಾವ ಸಾಕ್ಷಿ, ಯಾವ ದೃಶ್ಯ ಎಂಬುದನ್ನು ಲಿಖಿತವಾಗಿ ಕಳಿಸಿ ಎಂದು ಕೇಳಿ. ಕೈ ಚಿಹ್ನೆ ಮಿನುಗುತ್ತಿತ್ತು ಎಂಬ ಅವರ ಮಾತು ಚಾಲಕನೊಬ್ಬನದೇ ಹೇಳಿಕೆಯೋ, ಬೇರೆ ಯಾರಾದರೂ ಕಂಡದ್ದೋ ಎಂಬುದು ಆ ಪತ್ರದಿಂದ ತಿಳಿಯಬಹುದು. ನಿಮ್ಮ ವಕೀಲರು ಮೊದಲು ಕೇಳುವುದೂ ಅದನ್ನೇ.